ಆಕಾಶದಿಂದ ಬಂದ ಹೆಸರು

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹ ರೂಪ)



ಸಾಫ್ಟ್‌ವೇರಿನವನು ಮೈಕ್ ಹಿಡಿದ ಎಂದರೆ ಕಂಪ್ಯೂಟರಿನ ಬಗ್ಗೆ ಕೊರೆಯುತ್ತಾನೆ ಎಂದು ಹಿಂದಿನ ಸಾಲಿನವರು ಆಗಲೇ ಚಹಾದ ಕಡೆ ನೋಡುತ್ತಿದ್ದೀರಿ. ಹೆದರಬೇಡಿ. ನಾನು ಹೇಳಹೊರಟಿರುವುದು ಇಟಲಿ ದೇಶದ ಒಂದು ಮನೆತನದ ಹೆಸರಿನ ಕಥೆ. ಇಟಲಿಯ ಹೆಸರಿಗೂ ನಮ್ಮ ಸರ್ಕಾರಿ ಪ್ರೌಢಶಾಲೆಗೂ ಎತ್ತಣ ಸಂಬಂಧ ಎಂದು ಕೇಳಬಹುದು. ಸ್ಮರಣ ಸಂಚಿಕೆಯ ಕೊನೆಯಲ್ಲಿ ಅಚ್ಚಾಗಲಿರುವ ಹಳೆಯ ವಿದ್ಯಾರ್ಥಿಗಳ ಪಟ್ಟಿಯ ವಿಷಯದಲ್ಲಿ ಆ ಸಂಬಂಧ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಹೆಸರು ಎಕೋ. ಇಂಗ್ಲಿಷಿನಲ್ಲಿ ಬರೆದರೆ ಮೂರೇ ಅಕ್ಷರ: ಇ, ಸಿ, ಓ. ಇಟಲಿಯ ಭಾಷೆಯಲ್ಲಿ ಎಕೋ ಎಂದರೆ ಪ್ರತಿಧ್ವನಿ. ಇದು ಆ ದೇಶದಲ್ಲಿ ತೀರಾ ಅಪರೂಪದ ಮನೆತನದ ಹೆಸರು. ಆದರೂ ಜಗತ್ತಿಗೆ ಗೊತ್ತು, ಉಂಬೆರ್ಟೋ ಎಕೋ ಎಂಬ ಒಬ್ಬ ಲೇಖಕರಿಂದ. 1932ರಲ್ಲಿ ಇಟಲಿಯ ವಾಯವ್ಯಕ್ಕಿರುವ ಅಲೆಸ್ಸಾಂಡ್ರಿಯಾ ಎಂಬ ಊರಿನಲ್ಲಿ ಹುಟ್ಟಿದರು, 2016ರಲ್ಲಿ ಮಿಲಾನಿನಲ್ಲಿ ತೀರಿಕೊಂಡರು. ಬೊಲೋನ್ಯಾ ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರು. ಚಿಹ್ನೆಗಳು ಅರ್ಥವನ್ನು ಹೇಗೆ ಹೊರುತ್ತವೆ ಎಂಬ ಶಾಸ್ತ್ರವನ್ನು ಪಾಠ ಹೇಳುತ್ತಿದ್ದವರು. ನಲವತ್ತೆಂಟನೆಯ ವಯಸ್ಸಿನಲ್ಲಿ, 1980ರಲ್ಲಿ, ‘ಗುಲಾಬಿಯ ಹೆಸರು’ ಎಂಬ ಕಾದಂಬರಿ ಬರೆದರು. ಹದಿನಾಲ್ಕನೆಯ ಶತಮಾನದ ಒಂದು ಮಠ, ಅಲ್ಲಿ ಒಂದರ ಮೇಲೊಂದು ಕೊಲೆ, ಅದನ್ನು ಬಿಡಿಸುವ ಒಬ್ಬ ಸನ್ಯಾಸಿ. ಹತ್ತಾರು ಭಾಷೆಗಳಿಗೆ ಹೋಗಿ ಕೋಟಿಗಟ್ಟಲೆ ಪ್ರತಿ ಖರ್ಚಾಯಿತು. 1986ರಲ್ಲಿ ಸಿನಿಮಾ ಆಯಿತು, ಜೇಮ್ಸ್ ಬಾಂಡ್ ಪಾತ್ರ ಮಾಡುತ್ತಿದ್ದ ಶಾನ್ ಕಾನರಿ ಸನ್ಯಾಸಿಯ ಪಾತ್ರ ಮಾಡಿದರು. ನಮ್ಮ ಕಸುಬಿನವರಿಗೆ ಎಕೋ ಇನ್ನೊಂದು ಕಾರಣಕ್ಕೆ ಪರಿಚಿತರು. 1994ರಲ್ಲಿ ಒಂದು ಅಂಕಣದಲ್ಲಿ ಅವರು ಆ್ಯಪಲ್ ಕಂಪ್ಯೂಟರು ಕ್ಯಾಥೊಲಿಕ್, ಡಾಸ್ ಪ್ರಾಟೆಸ್ಟೆಂಟ್ ಎಂದು ತಮಾಷೆ ಮಾಡಿ ಬರೆದಿದ್ದರು. ಅದನ್ನು ಇಂದಿಗೂ ನಮ್ಮವರು ಒಬ್ಬರಿಗೊಬ್ಬರು ಕಳಿಸುತ್ತಿರುತ್ತಾರೆ.

ಇಂಥ ದೊಡ್ಡ ಪಂಡಿತರ ಮನೆತನದ ಹೆಸರು ಎಲ್ಲಿಂದ ಬಂತು? ನೂರಾರು ವರ್ಷದ ವಂಶವೃಕ್ಷ ಇದ್ದೀತು ಎಂದುಕೊಳ್ಳುತ್ತೇವೆ. ವೃಕ್ಷ ಇಲ್ಲ. ಬೇರು ತಾತನ ಹತ್ತಿರವೇ ನಿಂತುಬಿಡುತ್ತದೆ. ಎಕೋ ಅವರ ತಂದೆಯ ತಂದೆ ಯಾರೋ ಬಿಟ್ಟುಹೋದ ಕೂಸು. ಅಪ್ಪ ಅಮ್ಮ ಯಾರೆಂದು ಗೊತ್ತಿಲ್ಲದ ಆ ಕೂಸಿಗೆ ಪುರಸಭೆಯ ಒಬ್ಬ ಅಧಿಕಾರಿ ಎಕೋ ಎಂಬ ಹೆಸರು ಕೊಟ್ಟ. ಯಾಕೆ ಆ ಹೆಸರೇ ಎಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬಹಳ ಕಾಲದ ಮೇಲೆ ಎಕೋ ಅವರ ಸ್ನೇಹಿತರೊಬ್ಬರಿಗೆ ವ್ಯಾಟಿಕನ್ ಗ್ರಂಥಾಲಯದಲ್ಲಿ ಜೆಸ್ವಿಟ್ ಪಾದ್ರಿಗಳು ಬಳಸುತ್ತಿದ್ದ ಸಂಕ್ಷೇಪಾಕ್ಷರಗಳ ಪಟ್ಟಿ ಕಣ್ಣಿಗೆ ಬಿತ್ತು. ಅದರಲ್ಲಿ ಈ ಮೂರು ಅಕ್ಷರ ಇತ್ತು. ಲ್ಯಾಟಿನಿನಲ್ಲಿ ‘ಎಕ್ಸ್ ಚೇಲಿಸ್ ಒಬ್ಲಾತುಸ್’, ಅಂದರೆ ಆಕಾಶದಿಂದ ಅರ್ಪಿತವಾದವನು. ಇದನ್ನು 2011ರ ಒಂದು ಸಂದರ್ಶನದಲ್ಲಿ ಎಕೋ ಅವರೇ ಹೇಳಿದ್ದಾರೆ. ಆ ಅಧಿಕಾರಿ ಮನಸ್ಸಿನಲ್ಲಿ ಇದನ್ನೇ ಇಟ್ಟುಕೊಂಡಿದ್ದ ಎಂಬುದಕ್ಕೆ ಬರವಣಿಗೆಯ ಸಾಕ್ಷಿ ಇಲ್ಲ, ಹೀಗಿರಬಹುದು ಎಂಬ ಊಹೆ ಅಷ್ಟೆ. ನನಗಂತೂ ನಂಬಲು ಇಷ್ಟ. ದಿನವೂ ಕಾಗದ ನೋಡಿ ಬೇಸತ್ತ ಒಬ್ಬ ಗುಮಾಸ್ತ, ಎದುರಿಗೆ ಬಟ್ಟೆ ಸುತ್ತಿದ ಕೂಸು, ಪುಸ್ತಕದಲ್ಲಿ ಒಂದು ಖಾಲಿ ಜಾಗ. ಏನಾದರೂ ಬರೆಯಲೇಬೇಕು. ಅವನು ಮೂರಕ್ಷರ ಬರೆದ.

ಆ ಗುಮಾಸ್ತನ ಔದಾರ್ಯ ಅರ್ಥವಾಗಬೇಕಾದರೆ ಅವನಿಗಿಂತ ಹಿಂದಿನವರು ಇಂಥ ಮಕ್ಕಳಿಗೆ ಏನು ಬರೆಯುತ್ತಿದ್ದರು ಎಂದು ನೋಡಬೇಕು.

ಇಟಲಿಯಲ್ಲಿ ಮನೆತನದ ಹೆಸರುಗಳು ಲಕ್ಷಗಟ್ಟಲೆ ಇವೆ. ಹೆಚ್ಚಿನವು ನಮಗೂ ಅರ್ಥವಾಗುವಂಥವೇ. ರೊಸ್ಸಿ ಎಂದರೆ ಕೆಂಪು, ಕೆಂಗೂದಲಿನವನ ಮನೆಯವರು. ಫೆರಾರಿ ಎಂದಾಕ್ಷಣ ನಮ್ಮ ಹುಡುಗರಿಗೆ ಕೆಂಪು ಕಾರು ನೆನಪಾಗುತ್ತದೆ, ಆದರೆ ಆ ಪದದ ಮೂಲ ಕಬ್ಬಿಣ. ನಮ್ಮ ಉತ್ತರ ಕರ್ನಾಟಕದ ಕಮ್ಮಾರ, ಬಡಿಗೇರ, ಪತ್ತಾರ ಇದ್ದ ಹಾಗೆ. ಇವೆಲ್ಲ ಮೊದಲು ಬಾಯಿಮಾತಿನ ಹೆಸರುಗಳು, ಒಂದು ತಲೆಮಾರಿಗೆ ಇದ್ದು ಇನ್ನೊಂದಕ್ಕೆ ಬದಲಾಗಬಹುದಾಗಿದ್ದವು. 1563ರಲ್ಲಿ ಟ್ರೆಂಟ್ ಎಂಬಲ್ಲಿ ಸೇರಿದ್ದ ಕ್ಯಾಥೊಲಿಕ್ ಧರ್ಮಸಭೆ ಪ್ರತಿ ಚರ್ಚಿನಲ್ಲೂ ನಾಮಕರಣ ಮತ್ತು ಮದುವೆಯ ಪುಸ್ತಕ ಇಡಬೇಕೆಂದು ಕಟ್ಟುನಿಟ್ಟು ಮಾಡಿತು. ಪುಸ್ತಕ ಬಂತು, ಹೆಸರು ಗಟ್ಟಿಯಾಯಿತು. ಬಾಯಲ್ಲಿದ್ದಾಗ ಹೆಸರು ನೀರು, ರಿಜಿಸ್ಟರಿಗೆ ಹತ್ತಿದರೆ ಕಲ್ಲು.

ಈಗ ಒಂದು ಪ್ರಶ್ನೆ. ಅಪ್ಪನಿಂದ ಮಗನಿಗೆ ಹೆಸರು ಹೋಗಬೇಕು ಎನ್ನುವ ಪುಸ್ತಕದಲ್ಲಿ ಅಪ್ಪನೇ ಗೊತ್ತಿಲ್ಲದ ಮಗುವಿಗೆ ಏನು ಬರೆಯುವುದು?

ಇಂಥ ಮಕ್ಕಳು ಹತ್ತಿಪ್ಪತ್ತಲ್ಲ. ಇಟಲಿಯ ದೊಡ್ಡ ಊರುಗಳ ಅನಾಥ ಶಿಶುಗಳ ಆಸ್ಪತ್ರೆಗಳಿಗೆ ಶತಮಾನಗಟ್ಟಲೆ ಕಾಲ ಸಾವಿರ ಸಾವಿರ ಕೂಸುಗಳು ಬಂದವು. ಕೆಲವು ಮದುವೆಯಾಗದ ಹೆಣ್ಣುಮಕ್ಕಳವು. ಮಾನ ಎಂಬ ಪದದ ಭಾರವನ್ನು ಗಂಡಸು ಹೊರದೆ ಹೆಣ್ಣಿನ ತಲೆಗೆ ಕಟ್ಟುವ ರೂಢಿ ಅಲ್ಲಿಯೂ ಇತ್ತು. ಕೆಲವು ಮದುವೆಯಾದವರವೇ, ಇನ್ನೊಂದು ಹೊಟ್ಟೆಗೆ ಹಾಕಲು ಗತಿಯಿಲ್ಲದವರವು. ರಾತ್ರಿ ಹೊತ್ತು ಹೊಸ್ತಿಲ ಮೇಲೆ ಬಿಟ್ಟುಹೋದರೆ ಚಳಿಗೆ ಸಾಯುತ್ತವೆ. ಅದಕ್ಕೆಂದು ಆಸ್ಪತ್ರೆಯ ಗೋಡೆಯಲ್ಲಿ ಒಂದು ಕಿಂಡಿ, ಕಿಂಡಿಯಲ್ಲಿ ಗುಂಡಗೆ ತಿರುಗುವ ಮರದ ಪೀಪಾಯಿ. ಅದಕ್ಕೆ ‘ರುವೋಟಾ’ ಎನ್ನುತ್ತಾರೆ, ಚಕ್ರ ಎಂದರ್ಥ. ಹೊರಗಿನಿಂದ ಕೂಸನ್ನು ಇಟ್ಟು ತಿರುಗಿಸಿದರೆ ಅದು ಒಳಗೆ ಬರುತ್ತದೆ, ಗಂಟೆ ಬಾರಿಸಿದರೆ ಒಳಗಿನವರು ಎತ್ತಿಕೊಳ್ಳುತ್ತಾರೆ. ಇಟ್ಟವರ ಮುಖ ಒಳಗಿನವರಿಗೆ ಕಾಣುವುದಿಲ್ಲ, ಒಳಗಿನವರ ಮುಖ ಇಟ್ಟವರಿಗೆ ಕಾಣುವುದಿಲ್ಲ. ಕುಂತಿಗೆ ಸಿಕ್ಕಿದ್ದು ನದಿ ಮತ್ತು ಪೆಟ್ಟಿಗೆ, ಈ ತಾಯಂದಿರಿಗೆ ಈ ಚಕ್ರ.

ಫ್ಲಾರೆನ್ಸ್ ನಗರದಲ್ಲಿ ಇಂಥ ಒಂದು ಆಸ್ಪತ್ರೆ ಈಗಲೂ ನಿಂತಿದೆ. ಹೆಸರು ಇನ್ನೊಚೆಂಟಿ, ಮುಗ್ಧರು ಎಂದರ್ಥ. ರೇಷ್ಮೆ ವ್ಯಾಪಾರಿಗಳ ಸಂಘ ಹಣ ಹಾಕಿತು, ಬ್ರುನೆಲೆಸ್ಕಿ ಎಂಬ ಮಹಾಶಿಲ್ಪಿ 1419ರಲ್ಲಿ ಕೆಲಸ ಶುರುಮಾಡಿದ. 1445ರ ಫೆಬ್ರವರಿ 5ರಂದು ಮೊದಲ ಮಗು ಬಂತು, ಹೆಣ್ಣು ಮಗು, ಅಗಾತಾ ಎಂದು ಹೆಸರಿಟ್ಟರು. ಕಟ್ಟಡದ ಮುಂಭಾಗದ ಕಮಾನುಗಳ ಮಧ್ಯೆ ನೀಲಿ ಹಿನ್ನೆಲೆಯಲ್ಲಿ ಬಟ್ಟೆ ಸುತ್ತಿದ ಬಿಳಿ ಕೂಸುಗಳ ಮಣ್ಣಿನ ಉಬ್ಬುಶಿಲ್ಪಗಳಿವೆ. ಚಿತ್ರದಲ್ಲಿ ನೋಡಿದ್ದೇನೆ, ಅದನ್ನಲ್ಲ ನಾನು ಬಹಳ ಹೊತ್ತು ನೋಡಿದ್ದು. ಅಲ್ಲಿನ ಸಂಗ್ರಹಾಲಯದಲ್ಲಿ ತಾಯಂದಿರು ಕೂಸಿನ ಜೊತೆ ಇಟ್ಟುಹೋದ ಸಣ್ಣ ಸಣ್ಣ ಗುರುತುಗಳಿವೆ. ಒಂದು ಪದಕ, ಅದನ್ನು ಸರಿಯಾಗಿ ನಡುವೆ ತುಂಡು ಮಾಡಿದ್ದಾರೆ. ಅರ್ಧ ಮಗುವಿನ ಕೊರಳಲ್ಲಿ, ಇನ್ನರ್ಧ ತಾಯಿಯ ಹತ್ತಿರ. ಕಾಲ ಕೂಡಿಬಂದರೆ ಮರಳಿ ಬರುತ್ತೇನೆ, ಎರಡು ತುಂಡು ಜೋಡಿಸಿ ನೋಡಿ ಕೊಡಿ ಎಂದು ಅದರ ಅರ್ಥ. ಸಂಗ್ರಹಾಲಯದಲ್ಲಿ ಇಂದಿಗೂ ಅರ್ಧ ತುಂಡುಗಳು ಉಳಿದಿವೆ ಎಂದರೆ ಏನಾಯಿತು ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಎಷ್ಟೋ ತಾಯಂದಿರು ಬರಲಾಗಲಿಲ್ಲ. ಬಂದರೂ ಎಷ್ಟೋ ಕೂಸುಗಳು ಅಷ್ಟು ದಿನ ಬದುಕಿರಲಿಲ್ಲ. ತಾಯಿಯ ಹಾಲಿಲ್ಲದೆ, ಒಬ್ಬ ದಾದಿಗೆ ಹಲವು ಮಕ್ಕಳಾಗಿ, ಮೊದಲ ವರ್ಷ ದಾಟುವುದೇ ಕಷ್ಟವಿತ್ತು. ಕೂಸುಗಳನ್ನು ಹಳ್ಳಿಗಳಲ್ಲಿ ಹಾಲೂಡಿಸುವ ಹೆಂಗಸರ ಮನೆಗೆ ಹಣ ಕೊಟ್ಟು ಕಳಿಸುತ್ತಿದ್ದರು. ಆ ಹಳ್ಳಿಯ ಹೆಂಗಸರ ಹೆಸರು ಯಾವ ಶಿಲ್ಪದಲ್ಲೂ ಇಲ್ಲ.

ಈ ಮಕ್ಕಳಿಗೆ ಸಂಸ್ಥೆಯೇ ಮನೆ, ಸಂಸ್ಥೆಯ ಹೆಸರೇ ಮನೆತನದ ಹೆಸರು. ಫ್ಲಾರೆನ್ಸಿನವರು ಇನ್ನೊಚೆಂಟಿ ಆದರು. ಮಿಲಾನಿನ ಆಸ್ಪತ್ರೆಯ ಲಾಂಛನ ಪಾರಿವಾಳ, ಪಾರಿವಾಳಕ್ಕೆ ಅವರ ಮಾತಿನಲ್ಲಿ ಕೊಲಂಬೊ, ಆದ್ದರಿಂದ ಅಲ್ಲಿನ ಮಕ್ಕಳು ಕೊಲಂಬೊ. ಶ್ರೀಲಂಕಾದ ಕೊಲಂಬೊಗೂ ಇದಕ್ಕೂ ನಂಟಿಲ್ಲ, ಮಕ್ಕಳು ಪರೀಕ್ಷೆಯಲ್ಲಿ ಬರೆದುಬಿಟ್ಟೀರಿ. ಇಲ್ಲಿಯವರೆಗೆ ಪರವಾಗಿಲ್ಲ, ಮುಗ್ಧರು, ಪಾರಿವಾಳ, ಕೇಳಲು ಚೆನ್ನಾಗಿಯೇ ಇದೆ. ರೋಮಿಗೆ ಬನ್ನಿ. ಅಲ್ಲಿ ಕೊಡುತ್ತಿದ್ದ ಹೆಸರು ಪ್ರೊಯೆಟ್ಟಿ, ಎಂದರೆ ಎಸೆಯಲ್ಪಟ್ಟವರು. ನೇಪಲ್ಸಿನಲ್ಲಿ ಎಸ್ಪೊಸಿಟೊ, ಹೊರಗೆ ಬಿಟ್ಟದ್ದು ಎಂದರ್ಥ. ಮಗುವನ್ನು ತಾಯಿ ಒಮ್ಮೆ ಬಿಟ್ಟಳು. ರಿಜಿಸ್ಟರು ಅದನ್ನು ದಿನವೂ, ಹಾಜರಿ ಕೂಗಿದಾಗಲೆಲ್ಲ, ಮದುವೆಯ ಮಾತು ಬಂದಾಗಲೆಲ್ಲ, ಗೋರಿಯ ಕಲ್ಲಿನವರೆಗೂ ಬಿಡುತ್ತಲೇ ಇತ್ತು.

ನೇಪಲ್ಸಿನ ವಿಷಯ ಸ್ವಲ್ಪ ಹೇಳಬೇಕು. ಅಲ್ಲಿನ ಅನುನ್ಸಿಯಾಟಾ ಎಂಬ ಧರ್ಮಸಂಸ್ಥೆಯ ಚಕ್ರದಲ್ಲಿ ಬಂದ ಮಕ್ಕಳನ್ನು ಜನ ಮೇರಿಯಮ್ಮನ ಮಕ್ಕಳು ಎನ್ನುತ್ತಿದ್ದರು. ಹೆಣ್ಣುಮಕ್ಕಳಿಗೆ ಸಂಸ್ಥೆಯೇ ವರದಕ್ಷಿಣೆ ಕೊಟ್ಟು ಮದುವೆ ಮಾಡುತ್ತಿತ್ತು. ಅಂದರೆ ಊರಿನವರಿಗೆ ಮರುಕ ಇತ್ತು. ಮರುಕ ಇದ್ದ ಊರಿನಲ್ಲೇ ಎಸ್ಪೊಸಿಟೊ ಎಂಬ ಹಣೆಪಟ್ಟಿಯೂ ಇತ್ತು ಎಂಬುದು ನನಗೆ ಕಾಡುವ ವಿಷಯ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ, ನೆಪೋಲಿಯನ್ನನ ಭಾವಮೈದುನ ಮ್ಯುರಾ ನೇಪಲ್ಸಿನ ದೊರೆಯಾಗಿದ್ದ ಕಾಲದಲ್ಲಿ, ಎಲ್ಲ ಅನಾಥ ಶಿಶುಗಳಿಗೂ ಇದೊಂದೇ ಹೆಸರು ಕೊಡುವುದನ್ನು ನಿಲ್ಲಿಸಿದರು. ಮಿಲಾನಿನಲ್ಲೂ 1825ರ ಹೊತ್ತಿಗೆ ಕೊಲಂಬೊ ನಿಂತಿತು. ಫ್ಲಾರೆನ್ಸ್ ಮತ್ತು ನೇಪಲ್ಸಿನ ಚಕ್ರಗಳನ್ನೇ 1875ರಲ್ಲಿ ಮುಚ್ಚಿದರು. ಚಕ್ರ ಮುಚ್ಚಿದರೆ ಮಕ್ಕಳನ್ನು ಬಿಡುವುದು ನಿಲ್ಲುತ್ತದೆಯೇ, ಅದು ಬೇರೆ ಮಾತು.

ಇಲ್ಲಿಗೆ ನಮ್ಮ ಗುಮಾಸ್ತ ಬರುತ್ತಾನೆ. ಒಂದೇ ಹೆಸರನ್ನು ಎಲ್ಲರಿಗೂ ಅಂಟಿಸಬಾರದು ಎಂದಮೇಲೆ ಪ್ರತಿ ಕೂಸಿಗೂ ಹೊಸದಾಗಿ ಕಟ್ಟಬೇಕಾಯಿತು. ನಮ್ಮ ಕಂಪ್ಯೂಟರ್ ಭಾಷೆಯಲ್ಲಿ ಹೇಳುವುದಾದರೆ ಎಸ್ಪೊಸಿಟೊ ಎಂಬುದು ಒಂದು ಡಿಫಾಲ್ಟ್, ನೀವು ಏನೂ ತುಂಬದಿದ್ದರೆ ಯಂತ್ರ ತಾನೇ ತುಂಬುವ ಬೆಲೆ. ಡಿಫಾಲ್ಟ್ ತೆಗೆದುಹಾಕಿದರೆ ಯಾರೋ ಒಬ್ಬರು ಕೂತು ಯೋಚಿಸಲೇಬೇಕು. ಕೆಲವರು ಸುಲಭದ ದಾರಿ ಹಿಡಿದರು, ತಿಂಗಳ ಹೆಸರು, ಗಿಡದ ಹೆಸರು, ಊರಿನ ಹೆಸರು. ಕೆಲವರು ಹೆಸರಿನೊಳಗೆ ಹರಕೆ ಇಟ್ಟರು. ದಿಯೊತಾಲ್ಲೆವಿ ಎಂಬ ಅಪರೂಪದ ಹೆಸರು ಇದೆ, ದೇವರು ನಿನ್ನನ್ನು ಸಾಕಲಿ ಎಂದರ್ಥ. ಎಕೋ ಅವರು 1988ರ ತಮ್ಮ ‘ಫೂಕೋನ ಲೋಲಕ’ ಕಾದಂಬರಿಯಲ್ಲಿ ಒಂದು ಪಾತ್ರಕ್ಕೆ ಇದೇ ಹೆಸರಿಟ್ಟಿದ್ದಾರೆ, ಅವನ ತಾತನೂ ಸಿಕ್ಕಿದ ಕೂಸು. ಸ್ವಂತ ಮನೆಯ ಕಥೆಯನ್ನು ಸದ್ದಿಲ್ಲದೆ ಪಕ್ಕದವನ ಜೇಬಿಗೆ ಹಾಕಿದ ಹಾಗೆ.

ಹೆಸರಿನಲ್ಲಿ ಹರಕೆ ಇಡುವುದು ನಮಗೆ ಹೊಸದಲ್ಲ. ದೇವದತ್ತ ಎಂಬ ಹೆಸರಿಗೂ ಎಕೋಗೂ ಅರ್ಥದಲ್ಲಿ ಎಷ್ಟು ವ್ಯತ್ಯಾಸ? ಹುಟ್ಟಿದ ಮಕ್ಕಳು ಉಳಿಯದಿದ್ದ ಮನೆಯಲ್ಲಿ ಕೂಸನ್ನು ತಿಪ್ಪೆಯ ಮೇಲೆ ಉರುಳಿಸಿ ಎತ್ತಿಕೊಂಡು ತಿಪ್ಪಣ್ಣ ಎಂದು ಕರೆಯುತ್ತಿದ್ದುದು ಇಲ್ಲಿ ಕೂತ ಅಜ್ಜಿಯರಿಗೆ ಗೊತ್ತು. ಬಿಟ್ಟ ಹಾಗೆ ನಟಿಸಿ ಉಳಿಸಿಕೊಳ್ಳುವ ಉಪಾಯ. ಹಾಗೆಂದು ಎಲ್ಲ ತಿಪ್ಪೇಸ್ವಾಮಿಗಳೂ ತಿಪ್ಪೆಯವರಲ್ಲ, ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಒಕ್ಕಲಿನವರು ಎಷ್ಟು ಮಂದಿ. ಅದೇ ರೀತಿ ಎಲ್ಲ ಕೊಲಂಬೊಗಳೂ ಅನಾಥಾಲಯದಿಂದ ಬಂದವರಲ್ಲ. ಅಮೆರಿಕಕ್ಕೆ ಹೋದ ಕೊಲಂಬಸ್ಸನ ಹೆಸರು ಅವನ ಭಾಷೆಯಲ್ಲಿ ಕೊಲಂಬೊ, ಅವನ ಅಪ್ಪ ಜಿನೋವಾದ ನೇಕಾರ.

ಇನ್ನು ಕೆಲವು ಹೆಸರು ಯಾಕೆ ಸಾಮಾನ್ಯವಾಗುತ್ತವೆ, ಕೆಲವು ಯಾಕೆ ಅಪರೂಪವಾಗಿ ಉಳಿಯುತ್ತವೆ? ಎಸ್ಪೊಸಿಟೊ ಇಂದು ಇಡೀ ಇಟಲಿಯಲ್ಲಿ ಅತಿ ಹೆಚ್ಚು ಕಾಣುವ ಹೆಸರುಗಳಲ್ಲೊಂದು, ನೇಪಲ್ಸಿನ ಕಡೆಯಂತೂ ಕರೆದರೆ ಹತ್ತು ಜನ ತಿರುಗುತ್ತಾರೆ. ಒಂದು ಸಂಸ್ಥೆ ಶತಮಾನಗಟ್ಟಲೆ ಕಾಲ ಸಾವಿರಾರು ಮಕ್ಕಳಿಗೆ ಅದನ್ನೇ ಹಂಚಿದ್ದರ ಫಲ. ಪಟ್ಟಣದ ಬೇಕರಿಗಳಲ್ಲೂ ಈಗ ಸಿಗುವ ಮಾರ್ಗರಿಟಾ ಪಿಜ್ಜಾವನ್ನು 1889ರಲ್ಲಿ ರಾಣಿ ಮಾರ್ಗರಿಟಾಳಿಗಾಗಿ ಮಾಡಿಕೊಟ್ಟವನು ರಫಾಯೆಲೆ ಎಸ್ಪೊಸಿಟೊ ಎಂದು ಪ್ರತೀತಿ. ಹೊರಗೆ ಬಿಟ್ಟದ್ದು ಎಂಬ ಅರ್ಥದ ಹೆಸರು ಅರಮನೆಯ ಊಟದ ಮೇಜಿನವರೆಗೆ ಹೋದದ್ದನ್ನು ನೆನೆದರೆ ನನಗೆ ಖುಷಿಯಾಗುತ್ತದೆ.

ಎಕೋ ಹಾಗಲ್ಲ. ಒಬ್ಬ ಗುಮಾಸ್ತ, ಒಂದು ಕೂಸು. ಅಪ್ಪನಿಂದ ಮಗನಿಗೆ ಮಾತ್ರ ಹೋಗುವ ಹೆಸರು ಎಷ್ಟು ಬೇಗ ಅಳಿಯಬಹುದು ಎಂದು ಇಂಗ್ಲೆಂಡಿನ ಗಾಲ್ಟನ್ ಎಂಬುವವರು ವಾಟ್ಸನ್ ಎಂಬ ಪಾದ್ರಿಯ ಜೊತೆ ಸೇರಿ 1870ರ ದಶಕದಲ್ಲೇ ಲೆಕ್ಕ ಹಾಕಿದ್ದರು. ಬಿ.ಇ. ಓದುವಾಗ ಸಂಭವನೀಯತೆಯ ಪಾಠದಲ್ಲಿ ನಮ್ಮ ತಲೆ ತಿಂದ ಲೆಕ್ಕ ಅದು. ಸಾರಾಂಶ ಇಷ್ಟೆ: ಒಬ್ಬನೇ ಒಬ್ಬನಿಂದ ಶುರುವಾದ ಹೆಸರು ಎರಡು ಮೂರು ತಲೆಮಾರಿನಲ್ಲೇ ನಿಂತುಹೋಗುವ ಸಂಭವ ಬಹಳ. ಒಬ್ಬನಿಗೆ ಹೆಣ್ಣುಮಕ್ಕಳೇ ಆದರೆ ಮುಗಿಯಿತು, ಮಕ್ಕಳೇ ಆಗದಿದ್ದರೆ ಮುಗಿಯಿತು. ಸಿಕ್ಕಿದ ಕೂಸಿನ ಹೆಸರು ಹಾಗೆ ಆರಲಿಲ್ಲ. ಆ ತಾತ ದೊಡ್ಡವನಾಗಿ, ಮದುವೆಯಾಗಿ, ಹದಿಮೂರು ಮಕ್ಕಳ ತಂದೆಯಾದ. ಅವರಲ್ಲಿ ಒಬ್ಬರು ಜೂಲಿಯೊ ಎಕೋ, ಲೆಕ್ಕಪತ್ರದ ಕೆಲಸದವರು. ಅವರ ಮಗ ಉಂಬೆರ್ಟೋ.

ಆ ತಾತ ಮಾಡುತ್ತಿದ್ದ ಕೆಲಸ ಕೇಳಿ. ಅಚ್ಚುಮೊಳೆ ಜೋಡಿಸುವುದು. ನಿವೃತ್ತಿಯಾದ ಮೇಲೆ ಮನೆಯಲ್ಲಿ ಕೂತು ಪುಸ್ತಕಕ್ಕೆ ರಟ್ಟು ಕಟ್ಟುತ್ತಿದ್ದ. ಸ್ವಂತ ಹೆಸರಿಗೆ ಹಿಂದು ಮುಂದಿಲ್ಲದವನು ಜೀವಮಾನವಿಡೀ ಬೇರೆಯವರ ಅಕ್ಷರ ಜೋಡಿಸಿದ. ಉಂಬೆರ್ಟೋ ಇನ್ನೂ ಚಿಕ್ಕ ಹುಡುಗನಾಗಿದ್ದಾಗಲೇ ಅವನು ತೀರಿಕೊಂಡ. ರಟ್ಟು ಕಟ್ಟಲು ಕೊಟ್ಟವರು ವಾಪಸು ಕೇಳದ ಪುಸ್ತಕಗಳು ಹಾಗೇ ಉಳಿದವು, ಡ್ಯೂಮಾ ಮುಂತಾದವರ ಕಾದಂಬರಿಗಳು, ಚಿತ್ರಗಳಿದ್ದ ಹಳೆಯ ಮುದ್ರಣಗಳು. ಅವನ್ನೆಲ್ಲ ಒಂದು ದೊಡ್ಡ ಪೆಟ್ಟಿಗೆಗೆ ತುಂಬಿ ಮಗನ ಮನೆಯ ನೆಲಮಾಳಿಗೆಗೆ ಹಾಕಿದರು. ಅಪ್ಪ ಇದ್ದಿಲು ತಾ ಎಂದು ಕೆಳಗೆ ಕಳಿಸಿದಾಗ ಹುಡುಗ ಪೆಟ್ಟಿಗೆ ಬಿಚ್ಚಿದ. ಆಮೇಲೆ ಇದ್ದಿಲು ತರುವುದು ತಡವಾಗುತ್ತಾ ಹೋಯಿತು. ಮುಂದೆ ಆ ಹುಡುಗನ ಮಿಲಾನಿನ ಮನೆಯಲ್ಲಿ ಮೂವತ್ತು ಸಾವಿರ ಪುಸ್ತಕಗಳಿದ್ದವು. ವಂಶದಿಂದ ಬಂದದ್ದು ಎಂದು ಹೇಳಲು ರಕ್ತದ ದಾಖಲೆ ಇರಲಿಲ್ಲ, ಒಂದು ಪೆಟ್ಟಿಗೆ ಇತ್ತು.

ಇನ್ನು ತಂದೆಯ ಹೆಸರಿನ ಕಾಲಂ ವಿಷಯಕ್ಕೆ ಬರುತ್ತೇನೆ. ಎಕೋ ಅವರ ತಾತನಿಗೆ ಹೆಸರೇನೋ ಸಿಕ್ಕಿತು. ಆದರೆ ಇಂಥವರ ಕಾಗದಪತ್ರಗಳಲ್ಲಿ ಇನ್ನೊಂದು ಮುಳ್ಳು ಇರುತ್ತಿತ್ತು. ಇಟಲಿಯ ಪ್ರಮಾಣಪತ್ರಗಳಲ್ಲಿ ‘ಇಂಥವರ ಮಗ’ ಎಂದು ಬರೆಯುವ ರೂಢಿ. ಗೊತ್ತಿಲ್ಲದಿದ್ದರೆ ಎನ್.ಎನ್. ಎಂದು ಎರಡಕ್ಷರ. ಹೆಸರು ತಿಳಿಯದು ಎಂಬುದರ ಲ್ಯಾಟಿನ್ ಸಂಕ್ಷೇಪ. ‘ಎನ್.ಎನ್. ಮಗ’ ಎಂಬುದು ಬೀದಿಯಲ್ಲಿ ಬೈಗುಳವೇ ಆಯಿತು. ಕೆಲಸಕ್ಕೆ ಅರ್ಜಿ ಹಾಕಿದರೂ, ಶಾಲೆಗೆ ಸೇರಿದರೂ ಆ ಎರಡಕ್ಷರ ಮುಂಚೆಯೇ ಹೋಗಿ ಕುರ್ಚಿಯಲ್ಲಿ ಕೂತಿರುತ್ತಿತ್ತು. ರಂಗದ ನಡುವೆ ಕರ್ಣ ಬಿಲ್ಲೆತ್ತಿ ನಿಂತಾಗ ಕೃಪಾಚಾರ್ಯರು ಕೇಳಿದ್ದೂ ಈ ಕಾಲಂ ಭರ್ತಿ ಮಾಡು ಎಂದೇ ಅಲ್ಲವೇ? ಬಿಲ್ವಿದ್ಯೆಯ ಪರೀಕ್ಷೆಗೂ ತಂದೆಯ ಹೆಸರಿಗೂ ಏನು ಸಂಬಂಧ?

ಇಟಲಿಯವರು ಕೇಳಿದರು. 1955ರಲ್ಲಿ ಒಂದು ಕಾನೂನು ಮಾಡಿ, ಸಾಮಾನ್ಯ ಪ್ರಮಾಣಪತ್ರಗಳಿಂದ, ಗುರುತಿನ ದಾಖಲೆಗಳಿಂದ ತಂದೆ ತಾಯಿಯ ಹೆಸರಿನ ಉಲ್ಲೇಖವನ್ನೇ ತೆಗೆದರು. ಇದರ ಜಾಣತನ ಗಮನಿಸಿ. ತಂದೆ ಗೊತ್ತಿಲ್ಲದವರಿಗೆ ಮಾತ್ರ ವಿನಾಯಿತಿ ಕೊಡಲಿಲ್ಲ. ಕೊಟ್ಟಿದ್ದರೆ ವಿನಾಯಿತಿಯೇ ಹೊಸ ಹಣೆಪಟ್ಟಿ ಆಗುತ್ತಿತ್ತು. ಎಲ್ಲರದ್ದೂ ತೆಗೆದರು, ದೊರೆಮಗನದ್ದೂ, ಸಿಕ್ಕಿದ ಕೂಸಿನದ್ದೂ. ಮುಂದೆ 2022ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ, ಮಗುವಿಗೆ ತಂದೆಯ ಮನೆತನದ ಹೆಸರೇ ತಾನಾಗಿ ಬರಬೇಕೆಂಬ ನಿಯಮವೂ ಸರಿಯಲ್ಲ, ಇಬ್ಬರದ್ದೂ ಬರಲಿ, ಇಲ್ಲವೇ ಇಬ್ಬರೂ ಒಪ್ಪಿದ್ದು ಬರಲಿ ಎಂದಿತು. ನಮ್ಮಲ್ಲೂ 2016ರ ಕೊನೆಯಲ್ಲಿ ಪಾಸ್‌ಪೋರ್ಟ್ ನಿಯಮ ಬದಲಾಗಿ, ತಂದೆ, ತಾಯಿ ಅಥವಾ ಪೋಷಕರು, ಯಾರಾದರೊಬ್ಬರ ಹೆಸರು ಕೊಟ್ಟರೆ ಸಾಕು ಎಂದಾಯಿತು.

ಜನರ ಹೆಸರು ತುಂಬಿಸಿಕೊಳ್ಳುವ ಫಾರಂಗಳನ್ನು ಮಾಡುವುದು ನನ್ನ ಹೊಟ್ಟೆಪಾಡು. ಎಕೋ ಕಥೆಯ ಹತ್ತಿರ ನಾನು ಹೋದದ್ದೂ ಹಾಗೆಯೇ, ಬೇರೆ ಬೇರೆ ದೇಶದವರ ಹೆಸರು ಹೇಗಿರುತ್ತದೆ ಎಂದು ಕೆಲಸಕ್ಕಾಗಿ ಓದುತ್ತಾ. ಫಾರಂನಲ್ಲಿ ಕೆಲವು ಪ್ರಶ್ನೆಗಳ ಮುಂದೆ ಕೆಂಪು ನಕ್ಷತ್ರ ಇರುತ್ತದೆ, ಅದನ್ನು ತುಂಬದೆ ಮುಂದೆ ಹೋಗುವಂತಿಲ್ಲ. ಆ ನಕ್ಷತ್ರ ಎಲ್ಲಿ ಇಡಬೇಕೆಂದು ತೀರ್ಮಾನಿಸುವವರು ನಮ್ಮಂಥವರು, ಎಷ್ಟೋ ಸಲ ಊಟದ ಹೊತ್ತಿಗೆ ಮೀಟಿಂಗ್ ಮುಗಿಸುವ ಅವಸರದಲ್ಲಿ. ನಮ್ಮ ಕಡೆಯವರಿಗೆ ಅದರ ರುಚಿ ಗೊತ್ತು. ನಮ್ಮಲ್ಲಿ ಬಹಳ ಮಂದಿಗೆ ಸರ್‌ನೇಮ್ ಎಂಬುದೇ ಇಲ್ಲ, ಊರು ಮತ್ತು ಅಪ್ಪನ ಹೆಸರಿನ ಮೊದಲಕ್ಷರ ಇನಿಷಿಯಲ್ ಆಗಿರುತ್ತದೆ ಅಷ್ಟೆ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟವನು ಅಮೆರಿಕದ ವೀಸಾ ಮಾಡಿಸಿದರೆ ಅವನ ಇಡೀ ಹೆಸರು ಸರ್‌ನೇಮ್ ಆಗಿ, ಹೆಸರಿನ ಜಾಗದಲ್ಲಿ ಎಫ್.ಎನ್.ಯು. ಎಂದು ಬೀಳುತ್ತದೆ, ಹೆಸರು ತಿಳಿಯದು ಎಂದರ್ಥ. ಅಲ್ಲಿಗೆ ಹೋದ ಮೇಲೆ ಬ್ಯಾಂಕಿನವರು ‘ಮಿಸ್ಟರ್ ಫ್ನು’ ಎಂದು ಪತ್ರ ಬರೆದರೆ ಆಶ್ಚರ್ಯವಿಲ್ಲ. ಅಪ್ಪ ಅಮ್ಮ ಇಬ್ಬರೂ ಇಟ್ಟು, ತೊಟ್ಟಿಲು ತೂಗಿ ಕರೆದ ಹೆಸರಿಗೇ ಈ ಗತಿಯಾದರೆ ನಗು ಬರುತ್ತದೆ. ನಿಜವಾಗಿ ಖಾಲಿ ಇರುವವನಿಗೆ ನಗು ಬರುವುದಿಲ್ಲ.

ಈಗ ನಮ್ಮ ಪಟ್ಟಿ. ಐವತ್ತು ವರ್ಷದ ದಾಖಲಾತಿ ರಿಜಿಸ್ಟರುಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ಕೆಲವು ತಿಂಗಳಿಂದ ನಾವು ನಾಲ್ಕೈದು ಹಳೆಯ ವಿದ್ಯಾರ್ಥಿಗಳು ಮಾಡುತ್ತಿದ್ದೇವೆ. ಎಷ್ಟು ಚೆಂದದ ಕೈಬರಹ, ಕೆಲವು ಪುಟ ಬೆಣ್ಣೆಯಲ್ಲಿ ಕೊರೆದ ಹಾಗೆ. ಜೂನ್ 1ರಂದು ಈ ಊರಿನಲ್ಲಿ ಇಷ್ಟೊಂದು ಮಕ್ಕಳು ಹೇಗೆ ಹುಟ್ಟಿದರು ಎಂದು ಹೊಸಬರು ಕೇಳಿದರೆ ಹಳೆಯ ಮೇಷ್ಟ್ರುಗಳು ಮೀಸೆಯಲ್ಲೇ ನಗುತ್ತಾರೆ. ತಾರೀಖು ಗೊತ್ತಿಲ್ಲದ ತಾಯಿಗೆ ಮೇಷ್ಟ್ರೇ ಒಂದು ತಾರೀಖು ಕೊಟ್ಟು ಮಗುವನ್ನು ಶಾಲೆಗೆ ಸೇರಿಸಿಕೊಂಡರು. ಅದೂ ಒಬ್ಬ ಗುಮಾಸ್ತನ ಔದಾರ್ಯವೇ.

ಸಮಿತಿಯಲ್ಲಿ ಮೊದಲು ಆಗಿದ್ದ ತೀರ್ಮಾನ ಹೀಗಿತ್ತು: ಹೆಸರು, ತಂದೆಯ ಹೆಸರು, ಊರು, ಎಸ್.ಎಸ್.ಎಲ್.ಸಿ. ವರ್ಷ, ನಾಲ್ಕು ಕಾಲಂ. ಏರಿಸುತ್ತಾ ಹೋದಂತೆ ಕೆಲವು ಸಾಲುಗಳಲ್ಲಿ ತಂದೆಯ ಹೆಸರಿನ ಜಾಗದಲ್ಲಿ ಬರೀ ಗೆರೆ ಕಂಡಿತು. ಒಂದೆಡೆ ‘ಇಲ್ಲ’ ಎಂದಿತ್ತು. ಒಂದೆಡೆ ಹಾಸ್ಟೆಲ್ ವಾರ್ಡನ್ನರ ಸಹಿ. ಒಂದೆಡೆ ತಾಯಿಯ ಹೆಸರು ಬರೆದು, ಹೊಡೆದುಹಾಕಿ, ಮತ್ತೆ ಅದನ್ನೇ ಬರೆದಿದ್ದರು. ಆ ಕ್ಷಣ ಕೌಂಟರಿನ ಈಚೆಗೆ ಆ ತಾಯಿ ನಿಂತಿದ್ದಳು, ಆಚೆಗೆ ಯಾರೋ ಪೆನ್ನು ಹಿಡಿದಿದ್ದರು. ಇಬ್ಬರ ನಡುವೆ ಏನು ಮಾತಾಯಿತೋ ಕಾಗದ ಹೇಳುವುದಿಲ್ಲ. ಆ ಸಾಲುಗಳವರು ಇಂದು ನಮ್ಮ ನಡುವೆಯೇ ಇರಬಹುದು, ಮೊಮ್ಮಕ್ಕಳ ಜೊತೆ ಬಂದಿರಬಹುದು. ಸಂಚಿಕೆ ಮನೆಮನೆಗೆ ಹೋಗುತ್ತದೆ. ಮೊಮ್ಮಗಳು ಪಟ್ಟಿಯಲ್ಲಿ ಅಜ್ಜನ ಹೆಸರು ಹುಡುಕಿ ಬೆರಳಿಡುತ್ತಾಳೆ. ಬೆರಳು ಒಂದು ಕಾಲಂ ಪಕ್ಕಕ್ಕೆ ಸರಿಯುತ್ತದೆ.

ಆ ಕಾಲಂ ಬೇಡ ಎಂದು ನಾನು ಸಮಿತಿಯಲ್ಲಿ ಕೇಳಿದೆ. ಎಲ್ಲರೂ ಒಪ್ಪಲಿಲ್ಲ, ಅವರ ಮಾತಿನಲ್ಲೂ ತೂಕ ಇತ್ತು. ಒಬ್ಬ ಹಿರಿಯರು, ‘ನಮ್ಮಪ್ಪ ಎತ್ತು ಮಾರಿ ನನ್ನ ಈ ಸ್ಕೂಲಿಗೆ ಕಳಿಸಿದ. 50 ವರ್ಷಕ್ಕೊಮ್ಮೆ ಅವನ ಹೆಸರು ಒಂದು ಸಲ ಅಚ್ಚಾಗಲಿ ಅಂದ್ರೆ ಅದನ್ನೂ ಬೇಡ ಅಂತೀಯಲ್ಲಪ್ಪ’ ಎಂದರು. ನನಗೆ ಉತ್ತರ ತಕ್ಷಣ ಹೊಳೆಯಲಿಲ್ಲ. ಒಬ್ಬ ಅಪ್ಪನ ಋಣ ಮತ್ತು ಇನ್ನೊಬ್ಬನ ಮಾನ, ಎರಡೂ ಒಂದೇ ಕಾಲಂನಲ್ಲಿ ನಿಂತಿದ್ದವು. ಎರಡು ಸಭೆ ಇದರಲ್ಲೇ ಹೋಯಿತು. ಕೊನೆಗೆ ದಾರಿ ತೋರಿಸಿದವರು ನಿವೃತ್ತ ಕನ್ನಡ ಮೇಷ್ಟ್ರು. ಇನಿಷಿಯಲ್ ಹೇಗೂ ಹೆಸರಿನ ಜೊತೆಯೇ ಇರುತ್ತದೆ, ಅಪ್ಪ ಅಲ್ಲಿದ್ದಾನೆ. ಇನಿಷಿಯಲ್ ಇಲ್ಲದ ಹೆಸರು ಯಾರ ಕಣ್ಣಿಗೂ ಕುಂದಾಗಿ ಕಾಣುವುದಿಲ್ಲ, ಆದರೆ ಕಾಲಂ ಹಾಕಿ ಖಾಲಿ ಬಿಟ್ಟರೆ ಆ ಖಾಲಿ ಜಾಗ ಕೂಗುತ್ತದೆ. ಅಪ್ಪ ಅಮ್ಮನನ್ನು ನೆನೆಯಬೇಕೆನ್ನುವವರಿಗೆ ಸಂಚಿಕೆಯಲ್ಲಿ ಬೇರೆಯೇ ಪುಟಗಳಿರಲಿ, ಬೇಕಾದವರು ನಾಲ್ಕು ಸಾಲು ಬರೆದುಕೊಡಲಿ ಎಂದರು. ಎತ್ತು ಮಾರಿದ ಅಪ್ಪನ ಬಗ್ಗೆ ಆ ಹಿರಿಯರು ಬರೆದುಕೊಟ್ಟಿದ್ದಾರೆ, ನಾಲ್ಕು ಸಾಲಲ್ಲ, ಎರಡು ಪುಟ. ಓದಿ. ಇಡೀ ಸಂಚಿಕೆಯಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ ಬರಹ ಅದೇ.

ಉಂಬೆರ್ಟೋ ಎಕೋ ಅವರ ಆ ಮೊದಲ ಕಾದಂಬರಿಯಲ್ಲಿ ಕಥೆ ಹೇಳುವ ಮುದುಕ ತನ್ನ ಪ್ರಾಯದಲ್ಲಿ ಒಬ್ಬಳೇ ಒಬ್ಬ ಹೆಣ್ಣನ್ನು ಪ್ರೀತಿಸಿದವನು, ಬಡ ರೈತರ ಹುಡುಗಿ. ಮುಪ್ಪಿನವರೆಗೂ ಅವಳನ್ನು ಮರೆಯಲಿಲ್ಲ, ಆದರೆ ಅವಳ ಹೆಸರು ಅವನಿಗೆ ಕೊನೆಗೂ ತಿಳಿಯಲಿಲ್ಲ. ಕಾದಂಬರಿಯ ಹೆಸರಿನಲ್ಲೇ ಹೆಸರು ಎಂಬ ಪದವಿದೆ, ಮುಖ್ಯವಾದವಳಿಗೇ ಹೆಸರಿಲ್ಲ. ತಾತನ ಕಥೆ ಗೊತ್ತಾದ ಮೇಲೆ ಆ ಪುಟಗಳನ್ನು ಓದುವಾಗ ನನಗೆ ಅದು ಬೇರೆಯಾಗಿ ಕೇಳಿಸಿತು.

ಪಟ್ಟಿಯ ಕರಡು ಪ್ರತಿ ಶಾಲೆಯ ಕಚೇರಿಯಲ್ಲಿದೆ. ಹೆಸರು, ಊರು, ವರ್ಷ, ಇಷ್ಟೇ. ಒಂದೇ ವರ್ಷದಲ್ಲಿ ಮೂವರು ಮಂಜುನಾಥರು ಇರುವ ಕಡೆ ರಿಜಿಸ್ಟರ್ ನಂಬರು ಹಾಕಿದ್ದೇವೆ, ಜಗಳ ಬೇಡ. ನಿಮ್ಮ ಹೆಸರಿನಲ್ಲಿ ದೀರ್ಘ, ಒತ್ತು ತಪ್ಪಿದ್ದರೆ ಪೆನ್ಸಿಲಿನಲ್ಲಿ ತಿದ್ದಿ. ರಿಜಿಸ್ಟರಿನಲ್ಲಿ ಒಂದು ಹೆಸರಿದ್ದು ಊರಲ್ಲಿ ಎಲ್ಲರೂ ಇನ್ನೊಂದರಿಂದ ಕರೆಯುತ್ತಿದ್ದರೆ, ಯಾವುದು ಅಚ್ಚಾಗಬೇಕೆಂದು ನೀವೇ ಬರೆದಿಡಿ, ಅದೇ ಅಚ್ಚಾಗುತ್ತದೆ. ಮದುವೆಯಾಗಿ ಬೇರೆ ಊರಿಗೆ ಹೋದ ಅಕ್ಕಂದಿರದ್ದು ಶಾಲೆಯಲ್ಲಿದ್ದ ಹೆಸರೇ ಇರುತ್ತದೆ. ಮುಂದಿನ ಭಾನುವಾರದವರೆಗೆ ಕಚೇರಿ ತೆರೆದಿರುತ್ತದೆ, ಆಮೇಲೆ ಮುದ್ರಣಕ್ಕೆ ಹೋಗುತ್ತದೆ.

 ಚಹಾ ಬಂದಿದೆ.